ನಡ ಹಿಡಿದರೆ ಹೊರಸು ಹಿಡಿಯಬೇಡಿ

ತೊಗರಿ ರಾಶಿ ಮುಗಿದು ಚೀಲಗಳು ಕಲಬುರಗಿಯ ಗಂಜ್ ಮಾರುಕಟ್ಟೆ ಸೇರುವ ಜನವರಿಯಲ್ಲಿ ನನ್ನ ಫಿಸಿಯೊಥೆರಪಿ ಕೋಣೆಯ ಬೆಂಚು ಖಾಲಿ ಇರುವುದೇ ಇಲ್ಲ. ಹೊಲದಲ್ಲಿ ಬಗ್ಗಿ ಕೊಯ್ದವರು, ಚೀಲ ಹೊತ್ತ ಹಮಾಲರು, ಸುಗ್ಗಿಯ ಆಳುಗಳಿಗೆಂದು ಹೊತ್ತುಗಟ್ಟಲೆ ರೊಟ್ಟಿ ಬಡಿದ ತಾಯಂದಿರು, ಎಲ್ಲರದೂ ಒಂದೇ ಮಾತು: ನಡ ಹಿಡಿದಿದೆ. ಎರಡನೆಯ ಮಾತೂ ಹೆಚ್ಚುಕಡಿಮೆ ಒಂದೇ: ‘ಎಂಟು ದಿನ ಹೊರಸು ಬಿಟ್ಟು ಎದ್ದಿಲ್ಲ, ಆದರೂ ಕಡಿಮೆಯಾಗಿಲ್ಲ.’ ಎಂಟು ದಿನ ಮಲಗಿದ್ದರಿಂದಲೇ ಕಡಿಮೆಯಾಗಿಲ್ಲ ಎಂದು ನಾನು ಹೇಳಿದಾಗ ಅವರು ನಂಬುವುದು ಕಷ್ಟ. ಆದರೆ ನಿಜ ಅದೇ. ಬಹುತೇಕ ಸೊಂಟ ನೋವಿನಲ್ಲಿ ಮೂಳೆ ಮುರಿದಿರುವುದಿಲ್ಲ, ದೊಡ್ಡ ರೋಗವೂ ಇರುವುದಿಲ್ಲ. ಸ್ನಾಯು, ಕೀಲು, ಬೆನ್ನುಮಣಿಗಳ ನಡುವಿನ ಡಿಸ್ಕ್ ಎಂಬ ಮೆತ್ತೆ, ಇವುಗಳಲ್ಲಿ ಯಾವುದೋ ಒಂದು ರೇಗಿರುತ್ತದೆ. ಅದು ವಾಸಿಯಾಗಲು ಬೇಕಾದದ್ದು ಅಳತೆಯ ಚಲನೆ.

ಮೊದಲು ಅಪಾಯದ ಗುರುತು ನೋಡಿಕೊಳ್ಳಿ

ಮೂತ್ರ ಕಟ್ಟಿಕೊಂಡಿದೆ ಅಥವಾ ಬಂದದ್ದೇ ತಿಳಿಯುತ್ತಿಲ್ಲ, ಮಲದ ಮೇಲೆ ಹಿಡಿತವಿಲ್ಲ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆ, ಪಾದ ಎತ್ತಲು ಬಾರದೆ ಚಪ್ಪಲಿ ಕಳಚಿ ಬೀಳುತ್ತಿದೆ ಎಂದಾದರೆ ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಬೆನ್ನಿನ ಕೊನೆಯ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ತಡವಾದಷ್ಟೂ ಹೋದ ಶಕ್ತಿ ಮರಳುವುದು ಕಷ್ಟ.

ಸಂಜೆಯಾದರೆ ಸಣ್ಣ ಜ್ವರ, ಇಳಿಯುತ್ತಿರುವ ತೂಕ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಬೆನ್ನು ನೋವು, ಪಕ್ಕೆಯಿಂದ ತೊಡೆಸಂದಿಗೆ ಅಲೆ ಅಲೆಯಾಗಿ ಇಳಿಯುವ ಮೂತ್ರಕಲ್ಲಿನ ನೋವು, ಇವು ಯಾವುವೂ ಮನೆಯ ವ್ಯಾಯಾಮದ ವಿಷಯವಲ್ಲ. ಇಪ್ಪತ್ತು ಮೂವತ್ತರ ಹುಡುಗರಿಗೆ ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಬಿಗಿದಿದ್ದು, ಓಡಾಡಿದರೆ ಸಡಿಲವಾಗಿ, ತಿಂಗಳುಗಟ್ಟಲೆ ಹೀಗೇ ನಡೆದರೆ ಅದು ಬೇರೆಯೇ ಬಗೆಯ ಸಂಧಿವಾತ ಇರಬಹುದು. ವೈದ್ಯರಿಗೆ ತೋರಿಸಿ.

ಮೊದಲ ಎರಡು ದಿನ

ತೀರಾ ಅಲುಗಾಡಲಾಗದಿದ್ದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಒರಗಿಕೊಳ್ಳಿ. ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟರೆ ಬೆನ್ನಿನ ಭಾರ ಇಳಿಯುತ್ತದೆ. ಒಂದು ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು, ಮನೆಯೊಳಗೇ ಆದರೂ ಸರಿ, ಐದು ನಿಮಿಷ ನಡೆಯಬೇಕು. ಏಳುವಾಗ ತಲೆ ಮೊದಲು ಎತ್ತಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯಿಂದ ಹೊರಸನ್ನು ಒತ್ತಿ ಏಳಿ.

ಅಜ್ಜಿಯರ ಉಪ್ಪಿನ ಶಾಖ ಒಳ್ಳೆಯದೇ. ಹಂಚಿನಲ್ಲಿ ಹುರಿದ ಉಪ್ಪನ್ನು ಗಂಟು ಕಟ್ಟಿ, ದಪ್ಪ ಬಟ್ಟೆಯ ಮೇಲಿನಿಂದ 15 ನಿಮಿಷ ಇಟ್ಟರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದವರು ಮಾತ್ರ ಎಚ್ಚರ, ಸುಟ್ಟದ್ದೇ ತಿಳಿಯುವುದಿಲ್ಲ.

ಬೋರಲಾಗಿ ಮಲಗುವ ವ್ಯಾಯಾಮ

1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೊಥೆರಪಿಸ್ಟ್ ರೋಗಿಯೊಬ್ಬರಿಗೆ ಬೋರಲಾಗಿ ಮಲಗಿರಲು ಹೇಳಿದ್ದರು. ಮಂಚದ ಒಂದು ತುದಿ ಮೇಲಕ್ಕೆ ಎತ್ತಿದ್ದುದನ್ನು ಅವರು ನೋಡಿರಲಿಲ್ಲ. ಬೆನ್ನು ಹಾಗೆ ಹಿಂದಕ್ಕೆ ಬಾಗುವುದು ಅಂದಿನ ತಿಳಿವಳಿಕೆಯ ಪ್ರಕಾರ ಕೆಟ್ಟದ್ದು. ಮರಳಿ ಬಂದು ಕೇಳಿದರೆ ರೋಗಿಯ ಕಾಲಿನ ನೋವು ಕಡಿಮೆಯಾಗಿತ್ತು. ಅಲ್ಲಿಂದ ಬೆಳೆದ ಪದ್ಧತಿಯನ್ನು ನಾವು ಇಂದಿಗೂ ಬಳಸುತ್ತೇವೆ.

ಶಹಾಬಾದ್ ಕಲ್ಲಿನ ನೆಲದ ಮೇಲೆ ದಪ್ಪ ಕೌದಿ ಹಾಸಿ ಬೋರಲಾಗಿ ಎರಡು ನಿಮಿಷ ಮಲಗಿ. ಆಮೇಲೆ ಮೊಣಕೈಗಳನ್ನು ಊರಿ ಎದೆ ಎತ್ತಿ ಎರಡು ನಿಮಿಷ ಇರಿ. ಅದು ಹಿಡಿಸಿದರೆ ಅಂಗೈ ಊರಿ, ಸೊಂಟವನ್ನು ನೆಲಕ್ಕೆ ಬಿಟ್ಟು, ತೋಳಿನ ಬಲದಿಂದ ಎದೆಯನ್ನು ಮೇಲೆತ್ತಿ ಇಳಿಸಿ. ಹತ್ತು ಸಲ ಮಾಡಿ. ದಿನಕ್ಕೆ ನಾಲ್ಕೈದು ಬಾರಿ ಸಾಕು.

ಈಗ ಮುಖ್ಯವಾದ ಮಾತು. ನೋವು ಎಲ್ಲಿ ಹೋಗುತ್ತಿದೆ ಎಂದು ಗಮನಿಸಿ. ಮೀನಖಂಡದಲ್ಲಿದ್ದದ್ದು ತೊಡೆಗೆ, ತೊಡೆಯಲ್ಲಿದ್ದದ್ದು ನಡಕ್ಕೆ ಏರಿದರೆ, ನಡದಲ್ಲಿ ತುಸು ಹೆಚ್ಚಾದರೂ ಅದು ಒಳ್ಳೆಯ ಲಕ್ಷಣ, ಮುಂದುವರಿಸಿ. ಕಾಲಿಗೆ ಇಳಿಯುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ. ಈ ಒಂದು ನಿಯಮ ತಿಳಿದವರು ತಮ್ಮ ಬೆನ್ನಿಗೆ ತಾವು ಹಾನಿ ಮಾಡಿಕೊಳ್ಳುವುದು ಅಪರೂಪ.

ಇದು ಎಲ್ಲರಿಗೂ ಅಲ್ಲ. ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿದು, ತಳ್ಳುಗಾಡಿಯ ಮೇಲೆ ಮುಂದಕ್ಕೆ ಬಾಗಿದಾಗ ಹಾಯೆನಿಸುವ ಹಿರಿಯರಿಗೆ ನರದ ದಾರಿ ಕಿರಿದಾಗಿರುತ್ತದೆ. ಅವರು ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು ಲೇಸು.

ನೋವು ಇಳಿದ ಮೇಲೆ

ಹೆಚ್ಚಿನವರು ಇಲ್ಲಿಗೆ ಬಿಟ್ಟುಬಿಡುತ್ತಾರೆ, ಮುಂದಿನ ಸುಗ್ಗಿಗೆ ಮತ್ತೆ ಬರುತ್ತಾರೆ. ಎರಡನೆಯ ವಾರದಿಂದ ಮೂರು ವ್ಯಾಯಾಮ ಸೇರಿಸಿ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನು ಸೇತುವೆಯಂತೆ ಎತ್ತಿ ಹಿಡಿಯುವುದು ಒಂದು. ಅಂಬೆಗಾಲಿಟ್ಟು ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ನೇರ ಚಾಚುವುದು, ಆಮೇಲೆ ಎಡಗೈ ಬಲಗಾಲು, ಎರಡನೆಯದು. ಮಗ್ಗುಲಾಗಿ ಮೊಣಕೈ ಮತ್ತು ಮೊಣಕಾಲು ಊರಿ ಸೊಂಟ ಎತ್ತುವುದು ಮೂರನೆಯದು. ಪ್ರತಿಯೊಂದರಲ್ಲೂ ಹತ್ತು ಸೆಕೆಂಡ್ ನಿಲ್ಲಿ, ಉಸಿರು ಹಿಡಿಯಬೇಡಿ. ಐದು ಸಲದಿಂದ ಆರಂಭಿಸಿ.

ಇವೆಲ್ಲಕ್ಕಿಂತ ಅಗ್ಗದ ಮದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೊಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂಬುದು ಗುರಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಏಳು ಗಂಟೆಯೊಳಗೆ ಶರಣಬಸವೇಶ್ವರ ಕೆರೆಯ ದಂಡೆಗೋ ನಿಮ್ಮೂರ ಹೊಲದ ದಾರಿಗೋ ಹೋಗಿ ಬನ್ನಿ.

ಕೆಲಸದ ರೀತಿ ಬದಲಿಸಿ

ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲಿನ ಒತ್ತಡ ಹಗಲಿಗಿಂತ ಬಹಳ ಹೆಚ್ಚು. ನಮ್ಮ ಹೆಣ್ಣುಮಕ್ಕಳು ಅಂಗಳ ಗುಡಿಸುವುದು, ನೀರಿನ ಕೊಡ ಎತ್ತುವುದು ಸರಿಯಾಗಿ ಅದೇ ಗಂಟೆಯಲ್ಲಿ. ನೋವಿರುವಷ್ಟು ದಿನ ಆ ಕೆಲಸ ಮನೆಯ ಗಂಡಸರು ಮಾಡಲಿ, ಅಥವಾ ತಡವಾಗಿ ಆಗಲಿ. ಉದ್ದ ಹಿಡಿಯ ಕಸಬರಿಗೆ ತಂದರೆ ಇನ್ನೂ ಒಳ್ಳೆಯದು.

ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ ಒಬ್ಬ ತಾಯಿಯ ಕೈ ಚಲನೆಯನ್ನು ನಾನು ಒಮ್ಮೆ ಕುಳಿತು ನೋಡಿದೆ. ಪ್ರತಿ ಬಡಿತಕ್ಕೂ ಸೊಂಟ ಮುಂದಕ್ಕೆ ಮುರಿಯುತ್ತಿತ್ತು, ಹಂಚಿಗೆ ಹಾಕುವಾಗ ಬಲಕ್ಕೆ ತಿರುಚುತ್ತಿತ್ತು. ಕೂರಲು ಗೇಣುದ್ದ ಎತ್ತರದ ಮಣೆ ಕೊಟ್ಟು, ಒಲೆಯನ್ನು ಪಕ್ಕದಿಂದ ಎದುರಿಗೆ ಸರಿಸಿದೆವು. ಹದಿನೈದು ರೊಟ್ಟಿಗೊಮ್ಮೆ ಎದ್ದು ನಿಂತು, ಕೈಗಳನ್ನು ಸೊಂಟಕ್ಕಿಟ್ಟು ಐದು ಸಲ ಹಿಂದಕ್ಕೆ ಬಾಗಲು ಹೇಳಿದೆ. ತಿಂಗಳೊಳಗೆ ಅವರು ಗುಳಿಗೆ ಬಿಟ್ಟರು.

50 ಕಿಲೋ ಚೀಲವನ್ನು ನೆಲದಿಂದ ಒಬ್ಬರೇ ಎತ್ತಬೇಡಿ. ಕಟ್ಟೆಯ ಮೇಲಿನಿಂದ ಬೆನ್ನಿಗೆ ತೆಗೆದುಕೊಳ್ಳಿ, ಮೈಗೆ ಒತ್ತಿ ಹಿಡಿಯಿರಿ, ತಿರುಗುವಾಗ ನಡ ತಿರುಚದೆ ಪಾದ ಎತ್ತಿಡಿ.

ಯಾರ ಬಳಿ, ಯಾವಾಗ?

ಎರಡು ವಾರದಲ್ಲಿ ಸುಧಾರಣೆ ಕಾಣದಿದ್ದರೆ, ಕಾಲಿಗೆ ಸೆಳೆತವಿದ್ದರೆ ತೋರಿಸಲೇಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಹೊರರೋಗಿ ಚೀಟಿ ಮಾಡಿಸಿ ಎಲುಬು ಕೀಲು ವಿಭಾಗಕ್ಕೆ ಹೋಗಿ. ಖಾಸಗಿ ಫಿಸಿಯೊಥೆರಪಿಸ್ಟ್ ಬಳಿ ಹೋಗುವುದಾದರೆ ಬಿ.ಪಿ.ಟಿ. ಎಂಬ ಫಿಸಿಯೊಥೆರಪಿ ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮನ್ನು ಬಗ್ಗಿಸಿ, ನಡೆಸಿ, ಕಾಲಿನ ಬಲ ಪರೀಕ್ಷಿಸದೆ ನೇರ ಯಂತ್ರ ಹಚ್ಚಿ ಮಲಗಿಸುವವರಿಂದ ಹೆಚ್ಚು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟ ನೋವಿಗೆ ತಿಳಿವಳಿಕೆ ಮತ್ತು ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಸೊಂಟದ ಬೆಲ್ಟು ಮತ್ತು ಭಾರ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ ಎನ್ನುತ್ತದೆ.

ಎಂ.ಆರ್.ಐ. ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಓದಿ ಅತ್ತವರನ್ನು ನೋಡಿದ್ದೇನೆ. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಸುಮಾರು 30 ಶೇಕಡ ಮಂದಿಗೆ ಆ ಉಬ್ಬು ಕಾಣುತ್ತದೆ. ಅಪಾಯದ ಗುರುತಿಲ್ಲದಿದ್ದರೆ ಆರಂಭದಲ್ಲೇ ಆ ಖರ್ಚು ಬೇಡ.

ಉಳುಕಿಗೆ ತುಳಿಸಿಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮೂಳೆ ಸವೆದ ಅಜ್ಜ ಅಜ್ಜಿಯರ ಬೆನ್ನಿನ ಮೇಲೆ ದಯವಿಟ್ಟು ಯಾರನ್ನೂ ನಿಲ್ಲಿಸಬೇಡಿ, ಬೆನ್ನುಮಣಿ ಕುಸಿಯಬಹುದು. ಮೆಡಿಕಲ್ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಡುವ ಬಣ್ಣಬಣ್ಣದ ಗುಳಿಗೆಗಳನ್ನೂ ನುಂಗಬೇಡಿ. ಅವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ಎಲುಬು ಇನ್ನಷ್ಟು ಟೊಳ್ಳಾಗುತ್ತದೆ. ನೋವಿನ ಗುಳಿಗೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ತಾವು ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿದು ತೋರಿಸಿ.