ಬೇರಿಂಗ್ ಬದಲಿಸಿದರೂ ನಿಲ್ಲದ ನಡುಕ

ಮೋಟ್ರು ನಡುಗುತ್ತದೆ ಅಂದರೆ ಬೆಲ್ಟ್ ಬಿಚ್ಚಿ, ಖಾಲಿ ಓಡಿಸಿ, 'ಏನೂ ಆಗಿಲ್ಲ ಬಿಡ್ರಿ' ಅನ್ನುವ ಚಟ ನಮ್ಮ ಕಸುಬಿನಲ್ಲಿ ಜಾಸ್ತಿ. ರೋಟರ್ ಅಂದರೆ ಮೋಟ್ರಿನ ಒಳಗೆ ತಿರುಗುವ ಭಾಗ; ಅದರಲ್ಲಿ ಕರೆಂಟ್ ಹರಿಯುವ ಸರಳು, ಅಂದರೆ ಬಾರ್, ಮುರಿದಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಲೋಡ್ ಇಲ್ಲದಾಗ ರೋಟರಿನಲ್ಲಿ ಹರಿಯುವ ಕರೆಂಟೇ ಕಡಿಮೆ. ಮುರಿದ ಬಾರ್ ತೆಪ್ಪಗಿರುತ್ತದೆ.

ಬ್ಯಾಡಗಿಯ ಒಂದು ಖಾರದಪುಡಿ ಮಿಲ್ಲಿನಲ್ಲೂ ಹೀಗೇ ಆಗಿತ್ತು. 30 ಎಚ್‌ಪಿ, ನಾಲ್ಕು ಪೋಲಿನ (ಕಾಂತಧ್ರುವದ) ಮೋಟ್ರು. ಹುಬ್ಬಳ್ಳಿ ಗೋಕುಲ ರೋಡಿನ ನನ್ನ ರಿವೈಂಡಿಂಗ್ ಅಂಗಡಿಗೆ ಫೋನ್ ಬರುವಷ್ಟರಲ್ಲಿ ಬೇರಿಂಗ್ ಹೊಸದಾಗಿತ್ತು, ಪುಲ್ಲಿ ಬ್ಯಾಲೆನ್ಸ್ ಮಾಡಿಸಿಯೂ ಆಗಿತ್ತು. "ಇನ್ನೇನ್ ಬದಲಿ ಮಾಡ್ಲಿರಿ, ಮಿಲ್ಲೇ ಬದಲಿ ಮಾಡ್ಲೇನ್ರಿ?" ಅಂತ ಸಾಹುಕಾರರು ಸಿಡುಕಿದರು.

"ಬೆಲ್ಟ್ ಹಾಕಸ್ರಿ, ಮೆಣಸಿನಕಾಯಿ ಸುರಸ್ರಿ" ಅಂದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತೆ. ಲೋಡ್ ಬಿದ್ದಂತೆ ಸದ್ದು ಏರಿ ಇಳಿದು, ಏರಿ ಇಳಿದು ಬರತೊಡಗಿತು. ಪ್ಯಾನೆಲ್ಲಿನ ಆಂಪಿಯರ್ ಮೀಟರಿನ ಮುಳ್ಳೂ ಅದೇ ತಾಳಕ್ಕೆ ಓಲಾಡಿತು. ವೇಗ ಅಳೆಯುವ ಟ್ಯಾಕೋಮೀಟರ್ ಹಿಡಿದರೆ ನಿಮಿಷಕ್ಕೆ 1470 ಸುತ್ತು.

50 ಹರ್ಟ್ಸ್‌ನಲ್ಲಿ ಇಂಥ ಮೋಟ್ರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರ್ 30 ಸುತ್ತು ಹಿಂದೆ, ಅಂದರೆ ಸೆಕೆಂಡಿಗೆ ಅರ್ಧ ಸುತ್ತು. ಅದನ್ನು 4 ಪೋಲಿನಿಂದ ಗುಣಿಸಿದರೆ 2 ಹರ್ಟ್ಸ್. ಬಾರ್ ಮುರಿದಾಗ ಏರಿಳಿತ ಬರುವುದು ಇದೇ ತಾಳಕ್ಕೆ. ಮುಳ್ಳು ಸೆಕೆಂಡಿಗೆ ಎರಡು ಸಲ ಓಲಾಡಿದ್ದು ಅದಕ್ಕೇ. ವೈಬ್ರೇಷನ್ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸ್‌ನಲ್ಲಿ ಎಷ್ಟು ನಡುಕ ಅಂತ ತೋರಿಸುವ ನಕ್ಷೆ, ತೆಗೆದೆ. ಸುತ್ತಿನ ವೇಗದ 24.5 ಹರ್ಟ್ಸ್ ಗೆರೆಗೆ ಆಚೀಚೆ, 22.5 ಮತ್ತು 26.5ರಲ್ಲಿ, ಎರಡು ಮರಿ ಗೆರೆಗಳು. ರೆಸಲ್ಯೂಶನ್ ಕಡಿಮೆ ಇಟ್ಟರೆ ಮೂರೂ ಕೂಡಿ ಒಂದೇ ದಪ್ಪ ಗೆರೆ ಕಾಣುತ್ತದೆ. ಆಗ ಸುಮ್ನೆ ಅನ್‌ಬ್ಯಾಲೆನ್ಸ್ (ತೂಕ ಒಂದೇ ಕಡೆ ಜಾಸ್ತಿ) ಅಂತ ಬರೆದುಬಿಡುತ್ತಾರೆ.

ಸ್ವಿಚ್ ಆಫ್ ಮಾಡಿಸಿದೆ. ಮೋಟ್ರು ಇನ್ನೂ ಜೋರಾಗಿ ತಿರುಗುತ್ತಿರುವಾಗಲೇ ಆ ಏರಿಳಿತ ಮಾಯ! ಪುಲ್ಲಿಯ ದೋಷವಾಗಿದ್ದರೆ ವೇಗದ ಜೊತೆ ಮೆಲ್ಲಗೆ ಇಳಿಯಬೇಕಿತ್ತು, ಅಲ್ವಾ?

ಆದರೆ ಕಾಯಿ ಹೆಚ್ಚುಕಮ್ಮಿ ಬಿದ್ದರೂ ಮುಳ್ಳು ಓಲಾಡೀತು. ಅದಕ್ಕೆ ಮೋಟ್ರನ್ನು ಅಂಗಡಿಗೆ ತಂದೆ. ಎರಡು ಟರ್ಮಿನಲ್ಲಿಗೆ ಮಾತ್ರ ವೇರಿಯಾಕ್‌ನಿಂದ (ವೋಲ್ಟೇಜ್ ಹೆಚ್ಚುಕಮ್ಮಿ ಮಾಡುವ ಟ್ರಾನ್ಸ್‌ಫಾರ್ಮರ್) ಕಡಿಮೆ ವೋಲ್ಟೇಜ್ ಕೊಟ್ಟು, ಶಾಫ್ಟನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ರೋಟರ್ ಸರಿ ಇದ್ದರೆ ಆಂಪಿಯರ್ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಇದರಲ್ಲಿ ಕೆಲವು ಜಾಗದಲ್ಲಿ ಎದ್ದು ಕಾಣುವಷ್ಟು ಏರಿಳಿಯಿತು. ಬಿಚ್ಚಿದಾಗ ಬಾರ್‌ಗಳ ತುದಿ ಕೂಡಿಸುವ ಎಂಡ್ ರಿಂಗಿನ ಹತ್ತಿರ ಲ್ಯಾಮಿನೇಶನ್ (ರೋಟರಿನ ತೆಳು ಉಕ್ಕಿನ ಹಾಳೆಗಳು) ಸುಟ್ಟು ನೀಲಿಗಟ್ಟಿತ್ತು.

ಅಲ್ಯೂಮಿನಿಯಂ ಎರಕದ ರೋಟರ್, ಬೆಸುಗೆ ಹಾಕಿ ಉಪಯೋಗವಿಲ್ಲ. ಬೇರೆ ರೋಟರೇ ಹಾಕಿಸಿದೆವು. ಪುಡಿ ತುಂಬಿಕೊಂಡ ಮಿಲ್ಲನ್ನು ಹಾಗೇ ನಿಲ್ಲಿಸಿ, ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದರಂತೆ. ಪ್ರತಿ ಸ್ಟಾರ್ಟಿಗೂ ಐದಾರು ಪಟ್ಟು ಕರೆಂಟ್ ಎಳೆದರೆ ಬಾರ್ ತಡೆಯುವುದು ಹೇಗೆ? ಈಗ ಮಿಲ್ ಖಾಲಿ ಮಾಡಿಯೇ ನಿಲ್ಲಿಸುತ್ತಾರೆ.