ಪಿಯುಸಿ ಮುಗಿಯುವಷ್ಟರಲ್ಲಿ ಮಕ್ಕಳ ಕೈಗೆ ಬರಬೇಕಾದ ಕೆಲಸಗಳು

ಹೇಳಿಕೊಟ್ಟರೆ ಸಾಲದು, ಮಾಡಿಸಬೇಕು. ಒಂದು ಸಲ ನೀವು ಮಾಡಿ ತೋರಿಸಿ. ಎರಡನೇ ಸಲ ಮಕ್ಕಳೇ ಮಾಡಲಿ, ನೀವು ಕೈಕಟ್ಟಿ ನಿಲ್ಲಿ. ಮಧ್ಯೆ ಕೈ ಹಾಕದೆ ನಿಲ್ಲುವುದೇ ಕಷ್ಟ.

ಸಿಲಿಂಡರ್ ಬದಲಿಸುವುದರಿಂದ ಶುರುಮಾಡಿ. ಮೊದಲು ಹತ್ತಿರದ ದೀಪ, ಊದುಬತ್ತಿ ಆರಿಸಿ. ಒಲೆಯ ನಾಬ್‌ಗಳನ್ನೂ ರೆಗ್ಯುಲೇಟರನ್ನೂ ಆಫ್ ಮಾಡಿ. ರೆಗ್ಯುಲೇಟರಿನ ಕಪ್ಪು ಬಳೆಯನ್ನು ಮೇಲಕ್ಕೆತ್ತಿ ಹಿಡಿದು ಎಳೆದರೆ ಕಳಚುತ್ತದೆ. ಹೊಸ ಸಿಲಿಂಡರಿನ ಮುಚ್ಚಳ ತೆಗೆದ ಮೇಲೆ ಹೆಚ್ಚಿನವರು ಬಿಡುವ ಹೆಜ್ಜೆ ಒಂದಿದೆ: ವಾಲ್ವ್ ಒಳಗೆ ಕಪ್ಪು ವಾಷರ್ ಇದೆಯೇ, ಸೀಳಿಲ್ಲವೇ ಎಂದು ನೋಡುವುದು. ಗ್ಯಾಸ್ ಸೋರುವುದಕ್ಕೆ ಬಹಳ ಸಲ ಅದೇ ಕಾರಣ. ಬಳೆ ಎತ್ತಿ ಹಿಡಿದೇ ರೆಗ್ಯುಲೇಟರನ್ನು ನೆಟ್ಟಗೆ ಕೂರಿಸಿ, ಸ್ವಲ್ಪ ಆಚೀಚೆ ತಿರುಗಿಸುತ್ತ ಒತ್ತಿ, ಆಮೇಲೆ ಬಳೆ ಕೆಳಗಿಳಿಸಿದರೆ 'ಟಕ್' ಅನ್ನುತ್ತದೆ. ರೆಗ್ಯುಲೇಟರ್ ಆನ್ ಮಾಡಿ ಕೂಡುವ ಜಾಗಕ್ಕೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಆಫ್ ಮಾಡಿ ಕಳಚಿ, ಮುಚ್ಚಳ ಹಾಕಿ ಏಜೆನ್ಸಿಗೆ ಹೇಳಿ. ಕಡ್ಡಿ ಗೀರಿ ಪರೀಕ್ಷಿಸುವ ಹಳೇ ಚಾಳಿ ಮಾತ್ರ ಬೇಡ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು. ಆಫ್ ಮಾಡುವಾಗಲೂ ಕಿಡಿ ಹಾರುತ್ತದೆ ಎನ್ನುವುದು ಮಕ್ಕಳಿಗೆ ಹೊಳೆಯುವುದಿಲ್ಲ, ಬಿಡಿಸಿ ಹೇಳಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಕಿಟಕಿಯಷ್ಟೇ ಅಲ್ಲ, ಬಾಗಿಲೂ ತೆರೆಯಬೇಕು. ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಲಿ.

ಆಮೇಲೆ ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಡಿಸಿ, ಹೆಸರನ್ನು ಅಕ್ಷರ ಅಕ್ಷರ ಓದಿಸಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ; 'ಗೌಡ' ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಖಾತೆಗೆ ಆಧಾರ್ ಸೀಡಿಂಗ್ (ವಿದ್ಯಾರ್ಥಿವೇತನ ಬಂದು ಸೇರಲು ಬೇಕಾದ ಆಧಾರ್ ಜೋಡಣೆ) ಆಗಿದೆಯೇ ಎಂದು ಬ್ಯಾಂಕಿನಲ್ಲಿ ಮಕ್ಕಳೇ ಕೇಳಲಿ, ನೀವು ಹಿಂದಿನ ಬೆಂಚಿನಲ್ಲಿ ಕೂತಿರಿ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ, ಆರ್‌ಡಿಯಿಂದ ಶುರುವಾಗುವ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೈನರ್ ಖಾತೆಗೆ 18 ತುಂಬಿದ ಮೇಲೆ ಹೊಸದಾಗಿ ಸಹಿ, ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಡಬೇಕು. ಮರೆತು ಕೂತರೆ ಫೀಸ್ ಕಟ್ಟುವ ದಿನವೇ ದುಡ್ಡು ತೆಗೆಯಲಾಗದ ಪರಿಸ್ಥಿತಿ ಬರಬಹುದು.

ಯುಪಿಐ ಕಲಿಸಲು ಒಂದು ರೂಪಾಯಿ ಸಾಕು. ನೀವು ಕಳಿಸಿ; ಅವರು ಪಿನ್ ಒತ್ತದೆಯೇ ದುಡ್ಡು ಬಂದದ್ದನ್ನು ನೋಡಲಿ. ಈಗ ಅವರು ವಾಪಸ್ ಕಳಿಸಲಿ, ಪಿನ್ ಒತ್ತುವ ಮುಂಚೆ ಪರದೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ. 'ದುಡ್ಡು ಬರಬೇಕಾದರೆ ಪಿನ್ ಹಾಕಿ' ಎಂದು ಯಾರಾದರೂ ಅಂದರೆ ಕಳ್ಳ ಯಾರೆಂದು ಆಗ ತಾನಾಗಿ ಗೊತ್ತಾಗುತ್ತದೆ. ದುಡ್ಡು ಹೋದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ.