ವಿಳಾಸ ಸರಿಯಿದೆ, ಪುಟ ಮಾತ್ರ ತೆರೆಯುತ್ತಿಲ್ಲ: ವರ್ಡ್‌ಪ್ರೆಸ್ ರೀರೈಟ್ ತೊಡಕು ಹುಡುಕುವುದು ಹೇಗೆ?

ತಾಲ್ಲೂಕುವಾರು ಸಾಹಿತ್ಯ ಕಾರ್ಯಕ್ರಮಗಳ ಪಟ್ಟಿ ಕೊಡುವ ವರ್ಡ್‌ಪ್ರೆಸ್ ತಾಣವೊಂದಿದೆ ಎಂದುಕೊಳ್ಳಿ. ‘ಕಾರ್ಯಕ್ರಮ’ ಪುಟದ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ‘ತಾಲ್ಲೂಕು=ಸಾಗರ’ ಎಂದು ಬರೆದರೆ ಸಾಗರದ ಪಟ್ಟಿ ಬರುತ್ತದೆ. ಅದನ್ನು ‘ಕಾರ್ಯಕ್ರಮ/ಸಾಗರ’ ಎಂದು ಚೊಕ್ಕಗೊಳಿಸಲು ರೀರೈಟ್ ನಿಯಮ (ಚೊಕ್ಕ ವಿಳಾಸವನ್ನು ವರ್ಡ್‌ಪ್ರೆಸ್‌ಗೆ ಅರ್ಥವಾಗುವ ಕ್ವೆರಿಯಾಗಿ, ಅಂದರೆ ಪ್ರಶ್ನೆಯಾಗಿ, ಬದಲಿಸುವ ಸಾಲು) ಬರೆದಿರಿ. ಈಗ ‘ಪುಟ ಸಿಗಲಿಲ್ಲ’ ಎನ್ನುವ 404 ಕಾಣುತ್ತಿದೆ, ಇಲ್ಲವೇ ಪುಟ ತೆರೆದರೂ ಪಟ್ಟಿ ಖಾಲಿ. ಈ ಹಂತದಲ್ಲಿ ಹಲವರು ನಿಯಮವನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ರೌಸರ್ ಕಳುಹಿಸಿದ ಕೋರಿಕೆ ಎಲ್ಲಿ ನಿಂತಿತು ಎಂದು ಮೊದಲು ಕಂಡುಕೊಳ್ಳಿ.

1. 404 ಪುಟವನ್ನು ಗಮನವಿಟ್ಟು ನೋಡಿ. ನಿಮ್ಮ ಥೀಮ್‌ನ ತಲೆಪಟ್ಟಿ, ಮೆನುಗಳೊಂದಿಗೆ ಅದು ಬಂದಿದ್ದರೆ ಕೋರಿಕೆ ವರ್ಡ್‌ಪ್ರೆಸ್‌ವರೆಗೆ ತಲುಪಿದೆ. ಬರೀ ಬಿಳಿ ಹಾಳೆಯ ಮೇಲೆ ಸರ್ವರ್‌ನ ಒಂದು ಸಾಲು ಇದ್ದರೆ ತೊಡಕು ಸರ್ವರ್‌ನಲ್ಲಿದೆ. ಸರ್ವರ್ ಅಪಾಚೆಯಾದರೆ ವಿಳಾಸ ತಿರುಗಿಸುವ ಮಾಡ್ ರೀರೈಟ್ ಘಟಕ ಚಾಲೂ ಇದೆಯೇ, ಡಾಟ್ ಎಚ್‌ಟಿಆ್ಯಕ್ಸೆಸ್ ಕಡತವನ್ನು ಓದಲು ಅನುಮತಿ ಇದೆಯೇ ನೋಡಿ. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ಆ ಕಡತವನ್ನು ಓದುವುದೇ ಇಲ್ಲ. ಅಲ್ಲಿ ‘ಟ್ರೈ ಫೈಲ್ಸ್’ ಸಾಲಿನ ಕೊನೆಯಲ್ಲಿ ಇಂಡೆಕ್ಸ್ ಕಡತದ ಹೆಸರಿನ ನಂತರ ‘ಆರ್ಗ್ಸ್’ ಚರಾಂಶ (ವೇರಿಯಬಲ್) ಇರಬೇಕು. ಅದು ಬಿಟ್ಟುಹೋದರೆ ಪುಟ ತೆರೆಯುತ್ತದೆ, ಪ್ರಶ್ನೆ ಚಿಹ್ನೆಯ ನಂತರದ ಪ್ಯಾರಾಮೀಟರ್‌ಗಳು ಮಾತ್ರ ದಾರಿಯಲ್ಲೇ ಕಳೆದುಹೋಗುತ್ತವೆ.

2. ವಿಳಾಸಗಳ ರೂಪ ನಿರ್ಧರಿಸುವ ಪರ್ಮಾಲಿಂಕ್ಸ್ ಪುಟವನ್ನು ಒಮ್ಮೆ ಸೇವ್ ಮಾಡಿ. ವರ್ಡ್‌ಪ್ರೆಸ್ ತನ್ನ ನಿಯಮಗಳನ್ನೆಲ್ಲ ಡೇಟಾಬೇಸ್‌ನ ಆಪ್ಷನ್ಸ್ ಕೋಷ್ಟಕದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಕೋಡ್‌ನಲ್ಲಿ ಹೊಸ ನಿಯಮ ಸೇರಿಸಿದಷ್ಟಕ್ಕೇ ಆ ಸಂಗ್ರಹ ಬದಲಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನನ್ನೂ ಬದಲಿಸದೆ ಸೇವ್ ಒತ್ತಿದರೆ ಸಾಕು. ಈ ಸೇವ್ ಕೆಲಸ ತಪ್ಪಿಸಲು, ಸಂಗ್ರಹವನ್ನು ಹೊಸದಾಗಿಸುವ ಫ್ಲಶ್ ಫಂಕ್ಷನ್ ಅನ್ನು ಪ್ರತಿ ಕೋರಿಕೆಗೂ ಓಡುವ ಇನಿಟ್ ಹುಕ್‌ಗೆ ಸಿಕ್ಕಿಸಿಬಿಡುವವರಿದ್ದಾರೆ. ಆಗ ಪ್ರತಿ ಭೇಟಿಗೂ ನಿಯಮಗಳೆಲ್ಲ ಹೊಸದಾಗಿ ತಯಾರಾಗಿ ತಾಣ ನಿಧಾನವಾಗುತ್ತದೆ. ಅದರ ಜಾಗ ಪ್ಲಗಿನ್ ಸಕ್ರಿಯಗೊಳ್ಳುವ ಹುಕ್.

3. ಯಾವ ನಿಯಮ ಹೊಂದಿಕೆಯಾಯಿತು ನೋಡಿ. ಕ್ವೆರಿ ಮಾನಿಟರ್ ಎಂಬ ಉಚಿತ ಪ್ಲಗಿನ್ ಹಾಕಿಕೊಂಡು ಅದರ ರಿಕ್ವೆಸ್ಟ್ ಭಾಗ ತೆರೆಯಿರಿ. ಹೊಂದಿದ ನಿಯಮವೂ ಅದರಿಂದ ಹುಟ್ಟಿದ ಕ್ವೆರಿಯೂ ಅಲ್ಲಿರುತ್ತವೆ. ವರ್ಡ್‌ಪ್ರೆಸ್ ಮೇಲಿನಿಂದ ಕೆಳಗೆ ನೋಡುತ್ತ ಮೊದಲು ಹೊಂದಿದ ನಿಯಮಕ್ಕೇ ನಿಲ್ಲುತ್ತದೆ. ನಿಮ್ಮದನ್ನು ಸೇರಿಸುವಾಗ ‘ಟಾಪ್’ ಎಂದು ಹೇಳದಿದ್ದರೆ ಪುಟಗಳ ಸಾಮಾನ್ಯ ನಿಯಮ ಆ ವಿಳಾಸವನ್ನು ಮೊದಲೇ ಕಸಿದುಕೊಂಡಿರುತ್ತದೆ.

4. ಚರಾಂಶದ ಹೆಸರನ್ನು ನೋಂದಾಯಿಸಿ. ಪಟ್ಟಿ ಖಾಲಿ ಬರಲು ಬಹುಮಟ್ಟಿಗೆ ಇದೇ ಕಾರಣ. ತನಗೆ ಗೊತ್ತಿಲ್ಲದ ಹೆಸರನ್ನು ವರ್ಡ್‌ಪ್ರೆಸ್ ಸದ್ದಿಲ್ಲದೆ ಕೈಬಿಡುತ್ತದೆ. ಕ್ವೆರಿ ವಾರ್ಸ್ ಫಿಲ್ಟರ್ ಮೂಲಕ ಅದನ್ನು ಸೇರಿಸಬೇಕು. ಟೆಂಪ್ಲೇಟ್‌ನಲ್ಲಿ ಹಳೆಯ ಗೆಟ್ ಅರೇಯಿಂದ (ಪ್ರಶ್ನೆ ಚಿಹ್ನೆಯ ನಂತರದ ಮೌಲ್ಯಗಳ ಪಟ್ಟಿಯಿಂದ) ಮೌಲ್ಯ ಓದುವ ಸಾಲು ಉಳಿದಿದ್ದರೆ ಅದನ್ನೂ ತೆಗೆಯಿರಿ. ಚೊಕ್ಕ ವಿಳಾಸದಲ್ಲಿ ಪ್ರಶ್ನೆ ಚಿಹ್ನೆಯೇ ಇಲ್ಲದ ಕಾರಣ ಗೆಟ್ ಅರೇಯಲ್ಲಿ ಏನೂ ಇರುವುದಿಲ್ಲ. ಗೆಟ್ ಕ್ವೆರಿ ವಾರ್ ಫಂಕ್ಷನ್ ಬಳಸಿ, ಬಂದ ಮೌಲ್ಯವನ್ನು ಶುದ್ಧೀಕರಿಸಿಯೇ ಮುಂದಕ್ಕೆ ಕೊಡಿ.

ನೇಮ್, ಇಯರ್, ಡೇ, ಪೇಜ್, ಆಥರ್ ಎಂಬ ಹೆಸರುಗಳನ್ನು ವರ್ಡ್‌ಪ್ರೆಸ್ ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ. ಸಂಪರ್ಕ ಫಾರ್ಮ್‌ನ ಒಂದು ಖಾನೆಗೆ ‘ನೇಮ್’ ಎಂದಿಟ್ಟರೂ ಸಾಕು, ತುಂಬಿದವರ ಹೆಸರಿನ ಲೇಖನ ಹುಡುಕಲು ಹೋಗಿ ವರ್ಡ್‌ಪ್ರೆಸ್ 404 ತೋರಿಸಬಹುದು. ಪೋಸ್ಟ್ ವಿಧಾನದಲ್ಲಿ ಕಳುಹಿಸಿದ ಫಾರ್ಮ್‌ಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ಚರಾಂಶಗಳ ಹೆಸರಿನ ಮೊದಲಿಗೆಲ್ಲ ಒಂದು ಸ್ವಂತ ಪೂರ್ವಪದ ಸೇರಿಸಿಕೊಳ್ಳಿ.

5. ವಿಳಾಸ ತಾನಾಗಿ ಬದಲಾಗುತ್ತಿದೆಯೇ? ನಿಯಮ ಮುಖಪುಟವನ್ನು ಗುರಿಯಾಗಿಸಿದ್ದರೆ ವರ್ಡ್‌ಪ್ರೆಸ್‌ನ ಕ್ಯಾನಾನಿಕಲ್ ರೀಡೈರೆಕ್ಟ್ (ಪುಟದ ಅಧಿಕೃತ ವಿಳಾಸಕ್ಕೆ ಕಳುಹಿಸುವ ವ್ಯವಸ್ಥೆ) ಓದುಗರನ್ನು ಬರಿಯ ಮುಖಪುಟಕ್ಕೆ ತಳ್ಳುತ್ತದೆ. ಆ ಒಂದು ಸಂದರ್ಭಕ್ಕೆ ಮಾತ್ರ ಫಿಲ್ಟರ್ ಬಳಸಿ ಅದನ್ನು ತಡೆಯಿರಿ. ಇಡೀ ತಾಣಕ್ಕೆ ನಿಲ್ಲಿಸಿದರೆ ಒಂದೇ ಪುಟಕ್ಕೆ ಹಲವು ವಿಳಾಸಗಳಾಗುತ್ತವೆ. 301 ಎಂಬ ಶಾಶ್ವತ ಮರುನಿರ್ದೇಶನವನ್ನು ಬ್ರೌಸರ್ ನೆನಪಿಟ್ಟುಕೊಳ್ಳುವುದರಿಂದ ಪ್ರತಿ ತಿದ್ದುಪಡಿಯನ್ನೂ ಹೊಸ ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿ.

6. ವಿಳಾಸ ಕನ್ನಡದಲ್ಲಿದ್ದರೆ. ಜಾಲದಲ್ಲಿ ಸಿಗುವ ಮಾದರಿ ನಿಯಮಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಹಿಡಿಯುತ್ತವೆ. ಅವುಗಳ ಕೈಗೆ ‘ಸಾಗರ’ ಸಿಗುವುದಿಲ್ಲ. ಆ ಜಾಗದಲ್ಲಿ ([^/]+) ಎಂದು ಬರೆಯಿರಿ. ಮುಂದಿನ ಓರೆಗೆರೆಯವರೆಗೆ ಇರುವ ಯಾವ ಲಿಪಿಯನ್ನಾದರೂ ಅದು ಹಿಡಿಯುತ್ತದೆ. ಇನ್ನೊಂದು ತೊಡಕು ಉದ್ದದ್ದು. ವಿಳಾಸದೊಳಗೆ ಕನ್ನಡದ ಪ್ರತಿ ಸಂಕೇತವೂ ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿ 9 ಸ್ಥಾನ ತಿನ್ನುತ್ತದೆ. ಗುಣಿತದ ಗುರುತು, ಒತ್ತಕ್ಷರ ಕೂಡಿಸುವ ವಿರಾಮದ (್) ಗುರುತಿಗೂ ಬೇರೆ ಬೇರೆ ಲೆಕ್ಕ. ‘ಕಾರ್ಯಕ್ರಮ’ ಎಂಬ ಒಂದೇ ಪದಕ್ಕೆ 81 ಸ್ಥಾನ ಬೇಕು. ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಪುಟವನ್ನು ಗುರುತಿಸುವ ಹೆಸರಿಗೆ) ಕೊಡುವುದು 200 ಮಾತ್ರ. ಉದ್ದ ಶೀರ್ಷಿಕೆಯಿಂದ ತಾನಾಗಿ ಹುಟ್ಟಿದ ಸ್ಲಗ್ ಹೀಗೆ ನಡುವೆ ತುಂಡಾಗುತ್ತದೆ, ಪೂರ್ಣ ಶೀರ್ಷಿಕೆ ನಂಬಿ ಕೈಯಿಂದ ಬರೆದ ಕೊಂಡಿ ಅದಕ್ಕೆ ಹೊಂದುವುದಿಲ್ಲ. ಹಾಗೆಂದು ಕನ್ನಡ ವಿಳಾಸವನ್ನೇ ಬಿಡಬೇಕಿಲ್ಲ: ಪ್ರಕಟಿಸುವ ಮುನ್ನ ಸ್ಲಗ್ ಖಾನೆಯಲ್ಲಿ ಎರಡು ಚಿಕ್ಕ ಪದಗಳನ್ನು ನೀವೇ ಬರೆಯಿರಿ, ಕೊಂಡಿಯನ್ನು ಆ ಖಾನೆಯಿಂದಲೇ ನಕಲು ಮಾಡಿಕೊಳ್ಳಿ.